ತೊರಿಕೋಸ್: ಬೆಳ್ಳಿ ಹೋದ ಮೇಲೆ ಉಳಿದ ಕಿಟ್ಟ

ಗ್ರೀಸಿನ ಆಟಿಕಾ ಪ್ರಾಂತ್ಯದ ಆಗ್ನೇಯ ಮೂಲೆಯಲ್ಲಿ, ಅಥೆನ್ಸಿನಿಂದ ಸುಮಾರು 60 ಕಿಲೊಮೀಟರ್ ದೂರದಲ್ಲಿ ಲಾವ್ರಿಯೊ ಎಂಬ ಬಂದರಿದೆ. ಅಲ್ಲಿಂದ ಉತ್ತರಕ್ಕೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ವೆಲಾಟೂರಿ ಗುಡ್ಡ, ಅದರ ಬುಡದಲ್ಲಿ ತೊರಿಕೋಸ್ ಎಂಬ ಹಳೆಯ ಊರು. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದು ಅಪರೂಪ. ಅವು ಸೂನಿಯೊ ಭೂಶಿರದ ಪೊಸೈಡನ್ ಗುಡಿಗೆ, ಸೂರ್ಯಾಸ್ತದ ಫೋಟೊಗೆ ಓಡುತ್ತವೆ. ಅಮೃತಶಿಲೆಯ ಗುಡಿಗಳನ್ನು ಕಟ್ಟುವ ಶಕ್ತಿ ಅಥೆನ್ಸಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರದ ದೊಡ್ಡ ಪಾಲು ಈ ಬೋಳು ಗುಡ್ಡಗಳ ಹೊಟ್ಟೆಯಲ್ಲಿದೆ. ಇಲ್ಲಿ ಬೆಳ್ಳಿಗಿಂತ ಕಸಕ್ಕೆ ಆಯುಸ್ಸು ಹೆಚ್ಚು. ಒಂದು ಕಾಲದವರು ಬಿಸಾಡಿದ್ದನ್ನು ಇನ್ನೊಂದು ಕಾಲದವರು ಹೆಕ್ಕಿ ಬದುಕಿದ ಊರು ಇದು. ಹಾಗಾಗಿ ತೊರಿಕೋಸ್ ಮತ್ತು ಲಾವ್ರಿಯೊವನ್ನು ರಾಜರ ಪಟ್ಟಿಯಿಂದ ಅಳೆಯಹೋದರೆ ಏನೂ ಸಿಗದು. ಅದಿರು ಹೋದ ದಾರಿ ಹಿಡಿದರೆ ಮಾತ್ರ ಊರು ಅರ್ಥವಾಗುತ್ತದೆ.

ಮೊದಲು ಕಣ್ಣಿಗೆ ಬೀಳುವುದು ರಂಗಮಂದಿರ. ಕ್ರಿ.ಪೂ. 6ನೇ ಶತಮಾನದ ಕೊನೆ ಅಥವಾ 5ನೆಯದರ ಆರಂಭದ್ದು. ಗ್ರೀಸಿನಲ್ಲಿ ಈಗಲೂ ಕಾಣಸಿಗುವ ರಂಗಮಂದಿರಗಳಲ್ಲಿ ತೀರಾ ಹಳೆಯದರ ಸಾಲಿಗೆ ಸೇರುತ್ತದೆ. ಎಪಿಡಾರಸ್‌ನ ಬೀಸಣಿಗೆಯಂಥ ಆಕಾರವನ್ನು ಚಿತ್ರಗಳಲ್ಲಿ ನೋಡಿದವರಿಗೆ ಇದು ಸೊಟ್ಟಗೆ ಕಾಣುತ್ತದೆ. ಮೇಳ ಕುಣಿಯುವ ಅಂಗಳ ದುಂಡಗಿಲ್ಲ, ಉದ್ದಕ್ಕೆ ಚಾಚಿಕೊಂಡಿದೆ. ಕಲ್ಲಿನ ಆಸನಗಳು ನಡುವೆ ನೇರವಾಗಿ ಸಾಗಿ ಎರಡೂ ತುದಿಯಲ್ಲಿ ಬಾಗುತ್ತವೆ. ಅಂಗಳದ ಒಂದು ಬದಿಗೆ ಮದ್ಯ ಮತ್ತು ನಾಟಕದ ದೇವರಾದ ಡಯೊನೈಸಸ್‌ನ ಪುಟ್ಟ ಗುಡಿಯ ತಳಪಾಯ, ಇನ್ನೊಂದು ಬದಿಗೆ ಬಲಿಪೀಠ. ಕಟ್ಟುವವರಿಗೆ ದುಂಡು ಮಾಡಲು ಬರಲಿಲ್ಲವೆಂದೇನಲ್ಲ. ಗುಡ್ಡದ ಇಳಿಜಾರು ಹೇಗಿತ್ತೋ ಹಾಗೆ ಕಟ್ಟಿದರು, ಅಷ್ಟೆ. ದುಂಡು ಅಂಗಳ ಎಂಬ ನಿಯಮವೇ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ಮೇಲಿನ ಸಾಲುಗಳನ್ನು ಸೇರಿಸಿದ ಮೇಲೆ ಸುಮಾರು 3,000 ಜನ ಕೂರುವಷ್ಟಾಯಿತು. ನಾಟಕದಷ್ಟೇ ಊರಸಭೆಗೂ ಇದು ಬಳಕೆಯಾಗಿರಬೇಕು.

ಈ ರಂಗಮಂದಿರದ ಮಗ್ಗುಲಲ್ಲೇ ಗಣಿಯ ಬಾಯಿ ಇದೆ. 1963ರಿಂದ ಇಲ್ಲಿ ಉತ್ಖನನ ನಡೆಸುತ್ತಿರುವ ಬೆಲ್ಜಿಯಂ ತಂಡದವರು ಅದಕ್ಕೆ 3ನೇ ನಂಬರಿನ ಗಣಿ ಎಂದು ಹೆಸರಿಟ್ಟಿದ್ದಾರೆ. ಅದರೊಳಗೆ ಸಿಕ್ಕ ಮಡಕೆಚೂರುಗಳು ಕ್ರಿ.ಪೂ. 3000ದ ಆಸುಪಾಸಿನವರೆಗೆ ಹಿಂದಕ್ಕೆ ಹೋಗುತ್ತವೆ. ಪಾರ್ಥೆನಾನ್ ಕಟ್ಟುವುದಕ್ಕೆ ಎರಡೂವರೆ ಸಾವಿರ ವರ್ಷ ಮೊದಲೇ ಇಲ್ಲಿ ಕಲ್ಲು ಕೊರೆಯುತ್ತಿದ್ದರು. ಗುಡ್ಡದ ಮೇಲಿನ ಮೈಸೀನಿಯನ್ ಕಾಲದ, ಅಂದರೆ ಕಂಚಿನ ಯುಗದ ಕೊನೆಯ, ಸಮಾಧಿಗಳಲ್ಲಿ ಒಂದು ಅಪರೂಪದ ಅಂಡಾಕಾರದ್ದು. ಪುರಾಣಕ್ಕೂ ಊರು ಗೊತ್ತು: ಡಿಮೀಟರ್ ದೇವಿಯನ್ನು ಕುರಿತ ಹಳೆಯ ಸ್ತೋತ್ರದಲ್ಲಿ, ಕಡಲುಗಳ್ಳರು ತನ್ನನ್ನು ಹೊತ್ತು ತಂದ ಹಡಗು ತೊರಿಕೋಸ್‌ನಲ್ಲಿ ತಂಗಿತು ಎಂದು ವೇಷ ಮರೆಸಿಕೊಂಡ ದೇವಿಯೇ ಹೇಳುತ್ತಾಳೆ. ಯಾವ ತಿಂಗಳು ಯಾವ ದೇವರಿಗೆ ಯಾವ ಪ್ರಾಣಿ ಬಲಿ ಎಂದು ಕೆತ್ತಿದ ಊರಿನ ಹಬ್ಬಗಳ ಶಾಸನ ಬಹುಕಾಲ ಅಮೆರಿಕದ ಗೆಟ್ಟಿ ಮ್ಯೂಸಿಯಂನಲ್ಲಿತ್ತು, 2011ರ ಒಪ್ಪಂದದ ಮೇಲೆ ಗ್ರೀಸಿಗೆ ಮರಳಿತು.

ಇನ್ನು ನೆಲದ ಕೆಳಗೆ. ಇಲ್ಲಿಯ ಬಂಡೆ ಪದರ ಪದರವಾಗಿದೆ: ಅಮೃತಶಿಲೆ, ಅದರ ಮೇಲೆ ಹಾಳೆ ಹಾಳೆಯಾಗಿ ಸೀಳುವ ಶಿಸ್ಟ್, ಮತ್ತೆ ಅಮೃತಶಿಲೆ. ಅದಿರು ಸಿಗುವುದು ಈ ಎರಡು ಬಂಡೆ ಒಂದಕ್ಕೊಂದು ತಾಗುವ ಸಂಧಿಗಳಲ್ಲಿ. ಮೇಲಿನ ಸಂಧಿ ಅಲ್ಲಲ್ಲಿ ನೆಲದ ಮಟ್ಟಕ್ಕೇ ಬಂದು ಬಯಲಾಗುವುದರಿಂದ ಪ್ರಾಚೀನರಿಗೆ ಬೇಗ ಸಿಕ್ಕಿತು. ಗಣಿಗಾರರು ಮೂರನೆಯದೆಂದು ಎಣಿಸುವ ಆಳದ ಸಂಧಿಯೇ ಶ್ರೀಮಂತ. ಅದನ್ನು ಮುಟ್ಟಲು ಕೆಲವೆಡೆ ನೂರು ಮೀಟರ್ ದಾಟಬೇಕು. ಅಳೆದಿರುವ ಅತಿ ಆಳದ ಪ್ರಾಚೀನ ಬಾವಿ 119 ಮೀಟರ್ ಇಳಿಯುತ್ತದೆ. ಬಾವಿಗಳು ಆಯತಾಕಾರವಾಗಿ, ಹೆಚ್ಚುಕಡಿಮೆ ಎರಡು ಮೀಟರಿಗೆ ಒಂದೂಕಾಲು ಮೀಟರ್ ಅಳತೆಯಲ್ಲಿ, ಉಳಿ ಮತ್ತು ಸುತ್ತಿಗೆಯಿಂದ ಕಡಿದಂಥವು. ಕೆಲವು ಬಾವಿಗಳ ಗೋಡೆ ಕೆಳಗಿಳಿದಂತೆ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋಗುತ್ತದೆ. ಸುರಂಗಗಳ ಎತ್ತರ ಬಹುಪಾಲು ಒಂದು ಮೀಟರಿಗೂ ಕಡಿಮೆ. ಮಲಗಿ ಅಥವಾ ಮಂಡಿಯೂರಿ ಕೆಲಸ ಮಾಡಬೇಕು. ಅದಿರಿಲ್ಲದ ಕಲ್ಲನ್ನು ಒಂದು ಬುಟ್ಟಿ ಹೆಚ್ಚು ಕಡಿದರೂ ಅದು ದಂಡ.

ಅದಿರು ತೆಗೆದ ಕೋಣೆಗಳ ಚಾವಣಿ ಕುಸಿಯದಂತೆ ನಡುನಡುವೆ ಅದಿರಿನ ಕಂಬಗಳನ್ನು ಹಾಗೇ ಬಿಡುತ್ತಿದ್ದರು. ಆಸೆಯ ತೊಂದರೆ ಹುಟ್ಟುವುದು ಇಲ್ಲಿ. ಕೋಣೆ ಖಾಲಿಯಾದ ಮೇಲೆ ಕಣ್ಣೆದುರು ನಿಂತಿರುವ ಕಂಬವೂ ಬೆಳ್ಳಿಯೇ ತಾನೆ? ಕಂಬ ಕಡಿದರೆ ಇವತ್ತಿನ ಲಾಭ ಒಬ್ಬ ಗುತ್ತಿಗೆದಾರನದು. ಕುಸಿತದ ನಷ್ಟ ಅಕ್ಕಪಕ್ಕದ ಗಣಿಗಳದು, ಒಡೆಯನಾದ ಸರ್ಕಾರದ್ದು, ಸಾವು ಒಳಗಿದ್ದವರದು. ಕ್ರಿ.ಪೂ. 4ನೇ ಶತಮಾನದಲ್ಲಿ ಡಿಫಿಲಸ್ ಎಂಬವನು ಹೀಗೆ ಕಂಬ ಕಡಿದು ಶ್ರೀಮಂತನಾದನೆಂದು ಲೈಕರ್ಗಸ್ ಎಂಬ ರಾಜಕಾರಣಿ ಮೊಕದ್ದಮೆ ಹೂಡಿ ಮರಣದಂಡನೆ ಕೊಡಿಸಿದ. ಮುಟ್ಟುಗೋಲು ಹಾಕಿದ 160 ಟಾಲೆಂಟ್ ಆಸ್ತಿಯನ್ನು ನಾಗರಿಕರಿಗೆ ತಲಾ 50 ದ್ರಾಖ್ಮಾದಂತೆ ಹಂಚಿದರಂತೆ. ದ್ರಾಖ್ಮಾ ಅಥೆನ್ಸಿನ ಬೆಳ್ಳಿ ನಾಣ್ಯ, ಒಂದು ಟಾಲೆಂಟಿಗೆ 6,000 ದ್ರಾಖ್ಮಾ. ಲೆಕ್ಕ ಹಾಕಿದರೆ 19,200 ಜನರಿಗೆ ಪಾಲು ಬರುತ್ತದೆ. ಆ ಕಾಲದ ಅಥೆನ್ಸಿನ ನಾಗರಿಕರ ಸಂಖ್ಯೆಗೆ ಇದು ಸರಿಹೊಂದುವುದರಿಂದ ಕಥೆ ಪೂರ್ತಿ ಕಟ್ಟುಕಥೆ ಇರಲಾರದು.

ಮೇಲೆ ಬಂದ ಕಲ್ಲಿನಲ್ಲಿ ಬೇಕಾದದ್ದು ಗಲೀನಾ, ಅಂದರೆ ಸೀಸದ ಸಲ್ಫೈಡ್. ಜೊತೆಗೆ ಅದು ಗಾಳಿನೀರಿಗೆ ಸವೆದು ಆದ ಸೆರುಸೈಟ್, ಸೀಸದ ಕಾರ್ಬೊನೇಟ್. ಬೆಳ್ಳಿ ಕಣ್ಣಿಗೆ ಕಾಣುವುದಿಲ್ಲ, ಸೀಸದೊಳಗೆ ಅಡಗಿರುತ್ತದೆ. ಒಂದು ಟನ್ ಸೀಸಕ್ಕೆ ಒಂದೆರಡು ಕಿಲೊ ಬೆಳ್ಳಿ ಇದ್ದರೆ ಅದು ಒಳ್ಳೆಯ ಅದಿರು. ಅಷ್ಟಕ್ಕಾಗಿ ಪಡುವ ಪಾಡು ನೋಡಿ. ಮೊದಲು ಕೈಯಲ್ಲೇ ಆರಿಸುವುದು. ಆಮೇಲೆ ಗಟ್ಟಿಕಲ್ಲಿನ ಒರಳುಗಳಲ್ಲಿ ಕುಟ್ಟುವುದು, ಬೀಸುವ ಕಲ್ಲಿನಲ್ಲಿ ಸುಮಾರು ಒಂದು ಮಿಲಿಮೀಟರ್ ಕಾಳಿನ ಮಟ್ಟಕ್ಕೆ ನುರಿಸುವುದು. ಈ ಗಾತ್ರ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ: ಕಾಳು ದಪ್ಪವಾದರೆ ಗಲೀನಾ ಇನ್ನೂ ಸುಣ್ಣಕಲ್ಲಿಗೆ ಅಂಟಿಕೊಂಡಿರುತ್ತದೆ, ಹಿಟ್ಟಾದರೆ ತೊಳೆಯುವಾಗ ಬೆಳ್ಳಿಯೂ ಕೆಸರಿನೊಂದಿಗೆ ಹರಿದುಹೋಗುತ್ತದೆ.

ತೊಳೆಯುವ ಕಟ್ಟೆಗಳೇ ಈ ಪ್ರದೇಶದ ನಿಜವಾದ ಸ್ಮಾರಕ ಎಂಬುದು ನನ್ನ ಎಣಿಕೆ. ರಂಗಮಂದಿರ ಬೇರೆಡೆಯೂ ಸಿಗುತ್ತದೆ, ಇವು ಸಿಗುವುದಿಲ್ಲ. ತೊರಿಕೋಸ್ ಗುಡ್ಡದ ಮೇಲೆ ಮನೆಗಳ ನಡುವೆಯೇ ಒಂದಿದೆ. ಲಾವ್ರಿಯೊದ ಒಳನಾಡಿನ ಸೂರೆಝಾ ಕಣಿವೆಯಲ್ಲಿ ಸಾಲುಸಾಲಾಗಿವೆ. ತತ್ವ ಸರಳ: ಅಕ್ಕಿ ಗಾಳಿಸುವಾಗ ಭಾರದ ಕಲ್ಲು ಪಾತ್ರೆಯ ತಳದಲ್ಲಿ ನಿಂತು ಹಗುರ ಅಕ್ಕಿ ನೀರಿನ ಜೊತೆ ಹೊರಗೆ ಬರುತ್ತದಲ್ಲ, ಅದೇ; ಇಲ್ಲಿ ತಳದಲ್ಲಿ ನಿಂತದ್ದು ಬೇಕು, ಹರಿದದ್ದು ಬೇಡ. ಗಲೀನಾದ ಸಾಂದ್ರತೆ ಸುಮಾರು 7.5, ಸುಣ್ಣಕಲ್ಲಿನದು 2.7. ಇಷ್ಟು ಅಂತರವಿದ್ದರೆ ನೀರೇ ಕೆಲಸ ಮಾಡುತ್ತದೆ.

ಕಟ್ಟೆಯ ಅಂಗಗಳು ಹೀಗಿವೆ. ಒಂದು ತುದಿಯಲ್ಲಿ ಎತ್ತರದ ನೀರಿನ ತೊಟ್ಟಿ, ಅದರ ಮುಂಗೋಡೆಯಲ್ಲಿ ಒಂದೇ ಮಟ್ಟಕ್ಕೆ ಕೊರೆದ ಆಲಿಕೆಯಾಕಾರದ ತೂತುಗಳು. ಅವುಗಳ ಮುಂದೆ ಸ್ವಲ್ಪ ಇಳಿಜಾರಾದ ಗಾರೆನೆಲ. ಆ ನೆಲದ ಮೇಲೆಯೇ ಅದಿರು ಹರಡುತ್ತಿದ್ದರೋ, ಗುಳಿ ತೋಡಿದ ಮರದ ದೋಣಿಗಳನ್ನು ತೂತಿನ ಮುಂದೆ ಇಡುತ್ತಿದ್ದರೋ ಎಂಬ ವಾದ ಮುಗಿದಿಲ್ಲ. ಮರ ಉಳಿಯದ್ದರಿಂದ ಮುಗಿಯುವುದೂ ಕಷ್ಟ. ಹರಿದ ಕೆಸರುನೀರು ಒಂದು ಅಡ್ಡ ಕಾಲುವೆಗೆ ಬಿದ್ದು, ಕಟ್ಟೆಯ ಸುತ್ತ ಚೌಕಾಕಾರದಲ್ಲಿ ತಿರುಗಿ, ಮೂಲೆಗಳಲ್ಲಿರುವ ಗುಂಡಿಗಳಲ್ಲಿ ಮಣ್ಣನ್ನು ಇಳಿಸುತ್ತಾ, ತಿಳಿಯಾಗಿ ಮತ್ತೆ ಮೊದಲ ತೊಟ್ಟಿಯ ಬುಡಕ್ಕೇ ಬರುತ್ತದೆ. ಅಲ್ಲಿ ಒಬ್ಬ ಆಳು ಅದನ್ನು ಮೊಗೆದು ಮೇಲಕ್ಕೆ ಹೊಯ್ಯುತ್ತಾನೆ. ನಡುವಿನ ಒಣ ಜಗಲಿ ತೊಳೆದ ಅದಿರನ್ನು ಒಣಗಿಸುವುದಕ್ಕೆ. ಕ್ರಿ.ಪೂ. 4ನೇ ಶತಮಾನದಲ್ಲಿ ನೀರಿನ ಮರುಬಳಕೆಯ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ! ತೂತು ಕಟ್ಟಿಕೊಂಡರೆ ನೀರು ಒಂದೇ ಕಡೆ ರಭಸವಾಗಿ ನುಗ್ಗಿ ಅದಿರನ್ನೂ ಎತ್ತಿಕೊಂಡು ಹೋಗುತ್ತದೆ. ಗುಂಡಿಗಳ ಹೂಳು ಆಗಾಗ ಎತ್ತದಿದ್ದರೆ ಕೆಸರುನೀರೇ ಸುತ್ತುತ್ತದೆ, ಕೆಸರುನೀರಿನಲ್ಲಿ ಕಾಳು ಬೇರ್ಪಡುವುದಿಲ್ಲ.

ಇಷ್ಟು ಜಿಪುಣತನ ಏಕೆಂದರೆ ಇಲ್ಲಿ ಹೊಳೆ ಇಲ್ಲ. ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ, ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆಯಿಡೀ ತೊಳೆಯಬೇಕಾದರೆ ಚಳಿಗಾಲದ ನೀರನ್ನು ಹಿಡಿದಿಡಬೇಕು. ಪ್ರತಿ ಕಾರ್ಖಾನೆಯ ಪಕ್ಕ ಬಂಡೆಯಲ್ಲಿ ಕಡಿದ ದೊಡ್ಡ ತೊಟ್ಟಿ ಇರುವುದು ಇದಕ್ಕೇ. 10 ಮೀಟರ್ ವ್ಯಾಸ, 4 ಮೀಟರ್ ಆಳದ ತೊಟ್ಟಿ ಎಂದು ಇಟ್ಟುಕೊಳ್ಳಿ, 3 ಲಕ್ಷ ಲೀಟರ್ ದಾಟುತ್ತದೆ. ಅದು ತುಂಬಲು, ಬಿದ್ದ ಹನಿಯೆಲ್ಲ ಹರಿದು ಬಂದರೂ 800 ಚದರ ಮೀಟರ್ ಇಳಿಜಾರು ಬೇಕು. ಅರ್ಧ ಇಂಗಿಹೋದರೆ 1,600. ಹಾಗಾಗಿ ಕಣಿವೆಯಲ್ಲಿ ಜಾಗಕ್ಕಿಂತ ಮಳೆನೀರಿನ ಹಕ್ಕೇ ದುಬಾರಿ ಆಗಿದ್ದಿರಬೇಕು. ತೊಟ್ಟಿಗೆ ಮೊದಲು ಒಂದು ಚಿಕ್ಕ ಗುಂಡಿ, ಹೂಳು ಅಲ್ಲೇ ನಿಲ್ಲಲೆಂದು. ಒಳಗೋಡೆಗೆ ಎರಡು ಪದರದ ಗಾರೆ, ಮೇಲಿನ ತೆಳು ಪದರಕ್ಕೆ ಕುಲುಮೆಯಿಂದ ಬಂದ ಸೀಸದ ಆಕ್ಸೈಡ್ ಬೆರೆಸಿ ನೀರು ಜಿನುಗದಂತೆ ಮಾಡುತ್ತಿದ್ದರು. ಎಷ್ಟೋ ತೊಟ್ಟಿಗಳಲ್ಲಿ ಆ ಗಾರೆ ಇವತ್ತಿಗೂ ಗೋಡೆ ಬಿಟ್ಟಿಲ್ಲ.

ಒಣಗಿದ ಅದಿರು ಕುಲುಮೆಗೆ. ಕುಲುಮೆಗಳು ಬಹಳಷ್ಟು ಕಡಲಂಚಿನಲ್ಲಿ ಇದ್ದುದಕ್ಕೆ ಮುಖ್ಯ ಕಾರಣ ಇದ್ದಿಲು: ಗುಡ್ಡಗಳ ಮರ ಬೇಗ ಮುಗಿಯಿತು, ಸೌದೆ ಇದ್ದಿಲು ಹಡಗಿನಲ್ಲಿ ಬರಬೇಕಾಯಿತು. ಗಲೀನಾವನ್ನು ಮೊದಲು ಗಾಳಿಯಾಡುವ ಬೆಂಕಿಯಲ್ಲಿ ಹುರಿದು ಗಂಧಕವನ್ನು ಹೊಗೆಯಾಗಿ ಓಡಿಸಬೇಕು. ಅವಸರಪಟ್ಟರೆ ಗಂಧಕ ಉಳಿದು ಸೀಸವೂ ಬೆಳ್ಳಿಯೂ ಅದರ ಜೊತೆ ಕಟ್ಟಿಕೊಂಡು ಕಿಟ್ಟಕ್ಕೆ ಸೇರುತ್ತವೆ. ಸೆರುಸೈಟ್‌ಗೆ ಈ ರಗಳೆ ಇಲ್ಲ. ಆಮೇಲೆ ಇದ್ದಿಲಿನ ಜೊತೆ, ತಿದಿಯ ಗಾಳಿಯಲ್ಲಿ 1,200 ಡಿಗ್ರಿಯ ಸುತ್ತ ಕಾಸಿದರೆ ಕೆಳಗೆ ಬೆಳ್ಳಿ ಹೊತ್ತ ಸೀಸ, ಮೇಲೆ ತೇಲುವ ಕಿಟ್ಟ.

ಕೊನೆಯ ಹಂತ ಬೆಳ್ಳಿ ಬೇರ್ಪಡಿಸುವುದು, ಎಲ್ಲಕ್ಕಿಂತ ಕೈಚಳಕ ಬೇಡುವ ಕೆಲಸ. ಅಗಲವಾದ, ಆಳವಿಲ್ಲದ ಒಲೆಯಲ್ಲಿ ಸೀಸವನ್ನು ಕರಗಿಸಿ ಅದರ ಮೇಲೆ ಸತತ ಗಾಳಿ ಊದಬೇಕು. ಸೀಸ ಗಾಳಿಯ ಆಮ್ಲಜನಕ ಹೀರಿ ಲಿಥಾರ್ಜ್ ಎಂಬ ಹಳದಿ ಆಕ್ಸೈಡ್ ಆಗುತ್ತದೆ, ಬೆಳ್ಳಿ ಆಗುವುದಿಲ್ಲ. ಲಿಥಾರ್ಜ್ ಕರಗುವುದು 888 ಡಿಗ್ರಿಗೆ. ಬೆಂಕಿ ಅದಕ್ಕಿಂತ ಇಳಿದರೆ ಮೇಲೆ ಹೆಪ್ಪುಗಟ್ಟಿ ಮುಚ್ಚಳವಾಗಿ ಗಾಳಿ ತಾಗದೆ ಕೆಲಸ ನಿಲ್ಲುತ್ತದೆ. ಅತಿಯಾದರೆ ಸೀಸ ಹೊಗೆಯಾಗಿ ಏಳುವಾಗ ಬೆಳ್ಳಿಯನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ, ಊದುವವನ ಶ್ವಾಸಕೋಶಕ್ಕೂ ಇಳಿಯುತ್ತದೆ. ಲಿಥಾರ್ಜನ್ನು ಕೆರೆದು, ಹರಿಸಿ ತೆಗೆಯುತ್ತಾ ಹೋದರೆ ಕೊನೆಗೆ ತಳದಲ್ಲಿ ಬೆಳ್ಳಿಯ ಗುಂಡು. ಟನ್ನಿಗೆ 2 ಕಿಲೊ ಎಂದು ಹಿಡಿದರೆ, ಒಂದು ಟನ್ ಸೀಸದಿಂದ 2 ಕಿಲೊ ಬೆಳ್ಳಿ, ಸುಮಾರು 1,075 ಕಿಲೊ ಲಿಥಾರ್ಜ್. ಆಮ್ಲಜನಕ ಸೇರಿದ್ದರಿಂದ ಕಸದ ತೂಕ ಮೂಲಕ್ಕಿಂತ ಹೆಚ್ಚು! ಅದರಲ್ಲಿ ಒಂದು ಭಾಗವನ್ನು ಮತ್ತೆ ಕಾಸಿ ಸೀಸ ಮಾಡುತ್ತಿದ್ದರು, ಉಳಿದದ್ದು ಬಿದ್ದಿರುತ್ತಿತ್ತು.

ಈ ಲೆಕ್ಕ ಇಟ್ಟುಕೊಂಡು ಕ್ರಿ.ಪೂ. 483ಕ್ಕೆ ಬನ್ನಿ. ಆ ವರ್ಷ ಮರೋನಿಯಾ ಎಂಬಲ್ಲಿ ದೊಡ್ಡ ಅದಿರು ಸಿಕ್ಕಿ ಸರ್ಕಾರದ ಬೊಕ್ಕಸಕ್ಕೆ 100 ಟಾಲೆಂಟ್ ಬಂತೆಂದು ಅರಿಸ್ಟಾಟಲ್ ಹೆಸರಿನ ಅಥೆನ್ಸ್ ಸಂವಿಧಾನದ ಗ್ರಂಥ ಹೇಳುತ್ತದೆ. ಮರೋನಿಯಾ ಎಂದರೆ ಈಗಿನ ಕಮಾರಿಝಾ ಇರಬೇಕೆಂಬುದು ಹೆಚ್ಚಿನವರ ಮತ. ಒಂದು ಟಾಲೆಂಟ್ ಎಂದರೆ 26 ಕಿಲೊ ಬೆಳ್ಳಿ. 100 ಟಾಲೆಂಟ್ 2.6 ಟನ್. ಮೇಲಿನ ಪ್ರಮಾಣದಲ್ಲಿ ಅಷ್ಟಕ್ಕೆ 1,300 ಟನ್ ಸೀಸ ಕರಗಿಸಬೇಕು. ತಲಾ 10 ದ್ರಾಖ್ಮಾ ಹಂಚಿಬಿಡೋಣ ಎಂದು ಸಭೆ ಹೊರಟಿತ್ತು. ತೆಮಿಸ್ಟೊಕ್ಲಿಸ್ ಎಂಬ ರಾಜಕಾರಣಿ ತಡೆದು, ಈಜಿನಾ ದ್ವೀಪದ ಜೊತೆಗಿನ ಜಗಳವನ್ನು ಮುಂದಿಟ್ಟು, ಯುದ್ಧದ ಹಡಗು ಕಟ್ಟಲು ಒಪ್ಪಿಸಿದ. ಇತಿಹಾಸಕಾರ ಹೆರೊಡೊಟಸ್ ಪ್ರಕಾರ 200 ಹಡಗು, ಅರಿಸ್ಟಾಟಲ್ ಹೆಸರಿನ ಗ್ರಂಥದ ಪ್ರಕಾರ 100. ಮೂರೇ ವರ್ಷಕ್ಕೆ, ಕ್ರಿ.ಪೂ. 480ರಲ್ಲಿ, ಅವೇ ಹಡಗುಗಳು ಸಲಾಮಿಸ್‌ನಲ್ಲಿ ಪರ್ಷಿಯದ ನೌಕಾಪಡೆಯನ್ನು ಮುರಿದವು.

ಗಣಿಯ ಒಡೆತನ ಸರ್ಕಾರದ್ದು, ಕೆಲಸ ಗುತ್ತಿಗೆಯದು. ಗುತ್ತಿಗೆಗಳ ವಿವರ ಕೆತ್ತಿದ ಕಲ್ಲುಗಳು ಅಥೆನ್ಸಿನ ಹಳೆಯ ಪೇಟೆಚೌಕವಾದ ಅಗೋರಾದಲ್ಲಿ ಸಿಕ್ಕಿವೆ; ಉಳಿದವುಗಳಲ್ಲಿ ಹಳೆಯದು ಕ್ರಿ.ಪೂ. 367/6ರದು. ವ್ಯವಹಾರ ಹೇಗಿತ್ತೆಂದು ಬೇಕಾದರೆ ಅಥೆನ್ಸಿನ ವಾಗ್ಮಿ ಡೆಮೊಸ್ತನೀಸ್ ಕೋರ್ಟಿಗೆಂದು ಬರೆದುಕೊಟ್ಟ ಒಂದು ವಾದ ಓದಬೇಕು. ಪಾಂಟೈನೆಟಸ್ ಎಂಬವನು ಮರೋನಿಯಾದ ಒಂದು ತೊಳೆಯುವ ಕಾರ್ಖಾನೆ ಮತ್ತು 30 ಗುಲಾಮರನ್ನು ಅಡವಿಟ್ಟು 105 ಮೀನಾ ಸಾಲ ಎತ್ತಿದ್ದ. ಬಡ್ಡಿ ತಿಂಗಳಿಗೆ 105 ದ್ರಾಖ್ಮಾ. ಒಂದು ಮೀನಾಕ್ಕೆ 100 ದ್ರಾಖ್ಮಾ, ಅಂದರೆ ತಿಂಗಳಿಗೆ ನೂರಕ್ಕೆ ಒಂದು, ವರ್ಷಕ್ಕೆ 12. ಸರ್ಕಾರಕ್ಕೆ ಕಟ್ಟಬೇಕಾದ ಕಂತು ತಪ್ಪಿತು, ಸಾಲ ಕೊಟ್ಟವನು ಬಂದು ಕಾರ್ಖಾನೆಯಲ್ಲಿ ಕೂತ, ಕೋರ್ಟು ಕಚೇರಿ ಸುರು. ಹೊಸ ಗಣಿಗೆ ಜನ ಹಿಂಜರಿಯುವುದಕ್ಕೆ ಅಥೆನ್ಸಿನ ಲೇಖಕ ಕ್ಸೆನೊಫನ್ ಹೇಳುವ ಕಾರಣವೂ ನಷ್ಟದ ಭಯವೇ: ಹೊಸ ಬಾವಿ ತೋಡಿದವನಿಗೆ ಅದಿರು ಸಿಕ್ಕರೆ ಸಿರಿವಂತ, ಸಿಗದಿದ್ದರೆ ಹಾಕಿದ್ದೆಲ್ಲ ಮುಳುಗಡೆ, ಅದಕ್ಕೇ ಜನ ಹೊಸದಕ್ಕೆ ಕೈಹಾಕುವುದಿಲ್ಲ.

ಬಂಡವಾಳ ಹೂಡುವವರ ಲೆಕ್ಕವಷ್ಟೇ ಓದಿದರೆ ಗಣಿ ಅಗೆದವರು ಕಾಣುವುದಿಲ್ಲ. ಅದೇ ಕ್ಸೆನೊಫನ್ ಬರೆಯುತ್ತಾನೆ: ಸೇನಾಪತಿ ನಿಕಿಯಾಸ್ 1,000 ಗುಲಾಮರನ್ನು ಸೋಸಿಯಾಸ್ ಎಂಬ ಥ್ರೇಸಿನವನಿಗೆ ತಲೆಗೆ ದಿನಕ್ಕೆ ಒಂದು ಒಬೊಲ್‌ನಂತೆ ಬಾಡಿಗೆಗೆ ಕೊಟ್ಟಿದ್ದ, ಸಂಖ್ಯೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ. ಆರು ಒಬೊಲ್‌ಗೆ ಒಂದು ದ್ರಾಖ್ಮಾ. 360 ದಿನಕ್ಕೆ 60,000 ದ್ರಾಖ್ಮಾ, ಸರಿಯಾಗಿ 10 ಟಾಲೆಂಟ್. ಸಂಖ್ಯೆ ಕಡಿಮೆಯಾಗಬಾರದು ಎಂಬ ಒಂದು ಸಾಲಿನಲ್ಲಿ ಎಷ್ಟು ಸಾವು ಅಡಗಿದೆಯೋ. ಇವರಲ್ಲಿ ಹೆಸರು ಉಳಿಸಿಕೊಂಡವರು ತೀರಾ ಕಡಿಮೆ. ಅಟೋಟಾಸ್ ಎಂಬ ಗಣಿಗಾರನ ಸಮಾಧಿಗಲ್ಲು ಒಂದಿದೆ: ಕಪ್ಪುಸಮುದ್ರದ ದಂಡೆಯ ಪಫ್ಲಗೋನಿಯದವನು ತಾನು, ಕೈಕೆಲಸದಲ್ಲಿ ತನಗೆ ಸಮನಿಲ್ಲ, ಟ್ರಾಯ್ ಯುದ್ಧದಲ್ಲಿ ಅಕಿಲೀಸ್‌ನ ಕೈಯಲ್ಲಿ ಮಡಿದ ಪೈಲೈಮೆನಿಸ್ ರಾಜನ ವಂಶದವನು ಎಂದು ಅದರ ಪದ್ಯ ಹೇಳಿಕೊಳ್ಳುತ್ತದೆ. ಇಡೀ ಲಾವ್ರಿಯೊ ಸಾಹಿತ್ಯದಲ್ಲಿ ಗಣಿಯೊಳಗಿಂದ ಕೇಳುವ ಮಾತು ಇದೊಂದೇ ಎನ್ನಬಹುದು.

ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಯುದ್ಧದಲ್ಲಿ, ಕ್ರಿ.ಪೂ. 413ರಲ್ಲಿ, ಸ್ಪಾರ್ಟಾದವರು ಅಥೆನ್ಸಿನ ಉತ್ತರದ ಡೆಸೆಲಿಯಾದಲ್ಲಿ ಠಾಣೆ ಹಾಕಿದಾಗ ಆಟಿಕಾದಿಂದ 20,000ಕ್ಕೂ ಹೆಚ್ಚು ಗುಲಾಮರು ತಪ್ಪಿಸಿಕೊಂಡರೆಂದು ಆ ಕಾಲದ ಇತಿಹಾಸಕಾರ ತುಸಿಡಿಡೀಸ್ ಹೇಳುತ್ತಾನೆ. ಎಲ್ಲರೂ ಗಣಿಯವರಲ್ಲ, ಹೆಚ್ಚಿನವರು ಕುಶಲಕರ್ಮಿಗಳು ಎಂಬುದಷ್ಟೇ ಅವನ ಮಾತು. ಆದರೂ ಅಥೆನ್ಸಿನ ನಾಣ್ಯ ಬಡವಾಯಿತು, ಯುದ್ಧದ ಕೊನೆಗೆ ತಾಮ್ರಕ್ಕೆ ಬೆಳ್ಳಿ ಲೇಪಿಸಿದ ದುಡ್ಡು ಬಂತು. ಅಷ್ಟರೊಳಗೆ ತೊರಿಕೋಸ್‌ಗೂ ಕೋಟೆ ಕಟ್ಟಿದ್ದರು. 4ನೇ ಶತಮಾನದಲ್ಲಿ ಗಣಿಗಳು ಮತ್ತೆ ಚಿಗುರಿ, ಆಮೇಲೆ ಇಳಿದವು. ಸುಮಾರು 2,000 ವರ್ಷದ ಹಿಂದೆ ಭೂಗೋಳಕಾರ ಸ್ಟ್ರಾಬೊ ಬರೆಯುವ ಹೊತ್ತಿಗೆ ಹೊಸ ಅದಿರಿಲ್ಲ. ಹಳಬರ ಕಿಟ್ಟವನ್ನೇ ಮತ್ತೆ ಕರಗಿಸಿ ಬೆಳ್ಳಿ ತೆಗೆಯುತ್ತಿದ್ದರು, ಹಳಬರಿಗೆ ಕಾಸುವುದು ಸರಿಯಾಗಿ ಗೊತ್ತಿರಲಿಲ್ಲವಂತೆ. ಕಸ ಹೆಕ್ಕುವ ಮೊದಲ ಸುತ್ತು ಅದು. ತೊರಿಕೋಸ್‌ನಲ್ಲಿ ಪೂರ್ತಿಯಾಗದೆ ಉಳಿದಿದ್ದ ಡೋರಿಕ್ ಶೈಲಿಯ ಕಟ್ಟಡದ ಕಂಬಗಳನ್ನೂ ರೋಮನ್ನರ ಕಾಲದಲ್ಲಿ ಬಿಚ್ಚಿ ಅಗೋರಾದ ಒಂದು ಗುಡಿಗೆ ಸಾಗಿಸಿದರು.

ಎರಡನೇ ಸುತ್ತು 19ನೇ ಶತಮಾನದಲ್ಲಿ. ಗ್ರೀಕ್ ಖನಿಜತಜ್ಞ ಆಂಡ್ರಿಯಾಸ್ ಕೊರ್ಡೆಲಾಸ್ ದಂಡೆಯ ಕಿಟ್ಟದ ರಾಶಿಗಳನ್ನು ಪರೀಕ್ಷಿಸಿ ಅದರಲ್ಲಿ ಇನ್ನೂ ಬೇಕಾದಷ್ಟು ಸೀಸವಿದೆ ಎಂದು ತೋರಿಸಿದ. 1864ರ ಹೊತ್ತಿಗೆ ಇಟಲಿಯ ಜೊವಾನಿ ಬಟಿಸ್ಟಾ ಸೆರ್ಪಿಯೇರಿ ಮಾರ್ಸೇಲ್ಸಿನ ಹಣದೊಂದಿಗೆ ಬಂದಿಳಿದ. ಜನವಿಲ್ಲದ ಕೊಲ್ಲಿಯಲ್ಲಿ ಕುಲುಮೆ, ಜೆಟ್ಟಿ, ಕಾರ್ಮಿಕರ ಮನೆಗಳೆದ್ದವು. ಎರ್ಗಾಸ್ಟೀರಿಯಾ ಎಂಬ ಹೆಸರಿನ ಆ ಊರೇ ಇಂದಿನ ಲಾವ್ರಿಯೊ. ಗ್ರೀಕರ ಜೊತೆ ಇಟಲಿ, ಸ್ಪೇನಿನ ಕೆಲಸಗಾರರೂ ಬಂದರು. ಸ್ಪೇನಿನವರ ಹೆಸರು ಹೊತ್ತ ಒಂದು ಕೇರಿ ಈಗಲೂ ಇದೆ.

ಜಗಳ ಹುಟ್ಟಿದ್ದು ಕಿಟ್ಟಕ್ಕಲ್ಲ, ತೊಳೆಯುವ ಕಟ್ಟೆಗಳ ಪಕ್ಕ ಪ್ರಾಚೀನರು ಬಿಸಾಡಿದ್ದ ಕಲ್ಲುಪುಡಿಗೆ. ಗುತ್ತಿಗೆ ಕೊಟ್ಟಿದ್ದು ಗಣಿ ಮತ್ತು ಕಿಟ್ಟಕ್ಕೆ. ನೆಲದ ಮೇಲೆ ಬಿದ್ದಿರುವ ಈ ತ್ಯಾಜ್ಯ ಯಾರದು? 1871ರಲ್ಲಿ ಗ್ರೀಕ್ ಸಂಸತ್ತು ಅದು ಸರ್ಕಾರದ್ದೆಂದು ಕಾನೂನು ಮಾಡಿತು. ಫ್ರಾನ್ಸ್ ಮತ್ತು ಇಟಲಿಯ ರಾಯಭಾರಿಗಳು ಕಣ್ಣು ಕೆಂಪು ಮಾಡಿದರು. ಪತ್ರಿಕೆಗಳಲ್ಲಿ ಲಾವ್ರಿಯೊ ಎಂದರೆ ಚಿನ್ನದ ಬೆಟ್ಟ ಎಂಬಂತೆ ಸುದ್ದಿ ಹಬ್ಬಿತು. 1873ರಲ್ಲಿ ಬ್ಯಾಂಕರ್ ಆಂಡ್ರಿಯಾಸ್ ಸಿಂಗ್ರೋಸ್ ಕಂಪನಿಯನ್ನು ಕೊಂಡು, ಹೊಸ ಗ್ರೀಕ್ ಕಂಪನಿ ಮಾಡಿ, ಷೇರುಗಳನ್ನು ಜನರಿಗೆ ಮಾರಿದ. ಕಾಫಿ ಅಂಗಡಿಗಳಲ್ಲಿ ಷೇರು ಕೈಬದಲಾಗುತ್ತಿದ್ದವು, ಬೆಲೆ ಏರಿತು, ರಾಶಿಯೊಳಗಿದ್ದದ್ದು ಸಾಧಾರಣ ಸೀಸ ಎಂಬುದು ಮನವರಿಕೆಯಾದಾಗ ಕುಸಿಯಿತು. ದೊಡ್ಡವರು ಹೊತ್ತಿಗೆ ಮುಂಚೆ ಹೊರಬಿದ್ದಿದ್ದರು, ಒಡವೆ ಮಾರಿ ಕೊಂಡಿದ್ದ ಸಣ್ಣವರು ಸಿಕ್ಕಿಬಿದ್ದರು. ಆಧುನಿಕ ಗ್ರೀಸಿನ ಮೊದಲ ಷೇರು ಗುಳ್ಳೆ ಎಂದು ಇದನ್ನೇ ಹೇಳುವುದು.

ಸೆರ್ಪಿಯೇರಿ ಮಾತ್ರ ಜಾಣ. ಮಾರಿ ಕೈತೊಳೆದುಕೊಳ್ಳದೆ 1870ರ ದಶಕದ ನಡುವಿನಲ್ಲಿ ಲಾವ್ರಿಯೊ ಗಣಿಗಳ ಫ್ರೆಂಚ್ ಕಂಪನಿ ಸ್ಥಾಪಿಸಿ, ಈ ಸಲ ಕಸ ಬಿಟ್ಟು ಗಣಿಗೇ ಇಳಿದ. ಪ್ರಾಚೀನರು ಮುಟ್ಟದೆ ಬಿಟ್ಟಿದ್ದ ಸತುವಿನ ಅದಿರು ಅವನಿಗೆ ಸಿಕ್ಕಿತು. ಬೆಳ್ಳಿ ಹುಡುಕಿದವರಿಗೆ ಸತು ಬೇಡವಾಗಿತ್ತು, 19ನೇ ಶತಮಾನದ ಯುರೋಪಿಗೆ ಅದು ಬೇಕಿತ್ತು. 1885ರಲ್ಲಿ ಅಥೆನ್ಸಿನಿಂದ ಮೀಟರ್ ಗೇಜ್ ರೈಲು ಬಂತು, 1957ರಲ್ಲಿ ನಿಂತಿತು. 1896ರ ಗಣಿಕಾರ್ಮಿಕರ ಮುಷ್ಕರದಲ್ಲಿ ರಕ್ತ ಹರಿದು ಸೈನ್ಯ ಬಂದಿತ್ತು. 1922ರ ನಂತರ ಏಷ್ಯಾ ಮೈನರಿನ ನಿರಾಶ್ರಿತರು ಬಂದು ನೆಲೆಸಿದರು. ಎದುರಿಗೆ ಕಾಣುವ ಮಕ್ರೋನಿಸೋಸ್ ದ್ವೀಪ 1940ರ ದಶಕದ ಅಂತರ್ಯುದ್ಧದಲ್ಲಿ ಎಡಪಂಥೀಯರ ಸೆರೆಶಿಬಿರವಾಗಿತ್ತು. ಅದು ಬೇರೆಯೇ ಒಂದು ಬರಹ ಬೇಡುವ ವಿಷಯ. ಗಣಿಗಾರಿಕೆ 1970ರ ದಶಕದ ಕೊನೆಗೆ ಮುಗಿಯಿತು. ಫ್ರೆಂಚ್ ಕಂಪನಿಯ ಆವರಣ 1990ರ ದಶಕದಲ್ಲಿ ಅಥೆನ್ಸಿನ ರಾಷ್ಟ್ರೀಯ ತಾಂತ್ರಿಕ ವಿಶ್ವವಿದ್ಯಾಲಯದ ಕೈಗೆ ಬಂದು ಈಗ ತಂತ್ರಜ್ಞಾನ ಮತ್ತು ಸಂಸ್ಕೃತಿ ಉದ್ಯಾನವಾಗಿದೆ.

ಉಳಿದ ಲೆಕ್ಕ ಮಣ್ಣಿನಲ್ಲಿದೆ. ಕುಲುಮೆಯ ಹೊಗೆಯನ್ನು ಗುಡ್ಡದ ಮೇಲಿನ ಚಿಮಣಿಗೆ ಒಯ್ಯುವ ಉದ್ದನೆಯ ಕಲ್ಲಿನ ಕೊಳವೆಗಳಲ್ಲಿ ಆರ್ಸೆನಿಕ್ ತಣ್ಣಗಾಗಿ ಕೂರುತ್ತಿತ್ತು, ಅದನ್ನು ಕೆರೆದು ಮಾರುತ್ತಿದ್ದರು. ಕಿಟ್ಟ, ಪುಡಿ, ಹೊಗೆ ಮೂರೂ ಸೇರಿ ಊರಿನ ಮೇಲ್ಮಣ್ಣಿಗೆ ಸೀಸವೂ ಆರ್ಸೆನಿಕ್ಕೂ ಇಳಿದಿವೆ; ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದ್ದುದನ್ನು ವೈದ್ಯರು ದಾಖಲಿಸಿದ್ದಾರೆ. ಉದ್ಯಾನದ ಅತಿ ವಿಷದ ಮಣ್ಣನ್ನು ಎತ್ತಿ ನೆಲದಡಿಯ ಮುಚ್ಚಿದ ಕೋಣೆಗಳಲ್ಲಿ ಇಟ್ಟಿದ್ದಾರೆ. ಹಿತ್ತಿಲುಗಳಿಗೆ ಅದು ಸಾಧ್ಯವಿಲ್ಲ. ಸೀಸ ಮಾತ್ರ ಇರುವ ಮಣ್ಣಿಗೆ ಫಾಸ್ಫೇಟ್ ಹಾಕಿದರೆ ಸೀಸ ಕರಗದ ಖನಿಜವಾಗಿ ಕಟ್ಟಿಕೊಳ್ಳುತ್ತದೆ, ಪಠ್ಯಪುಸ್ತಕದ ಉಪಾಯ. ಇಲ್ಲಿ ಅದೇ ಫಾಸ್ಫೇಟ್ ಮಣ್ಣಿನ ಕಣಗಳಿಂದ ಆರ್ಸೆನಿಕ್ಕನ್ನು ತಳ್ಳಿ ನೀರಿಗೆ ಬಿಡುವ ಅಪಾಯವಿದೆ. ಹಾಗಾಗಿ ಹೊರಗಿನ ಮಣ್ಣು ತಂದು ಎತ್ತರದ ಮಡಿ ಮಾಡುವುದು, ಬರಿಮಣ್ಣು ಕಾಣದಂತೆ ಹುಲ್ಲು ಅಥವಾ ಹಾಸುಗಲ್ಲು ಹಾಕುವುದು, ಸೊಪ್ಪು ಗಡ್ಡೆ ಬೆಳೆಯದಿರುವುದು ಇವೇ ಹೆಚ್ಚು ಸುರಕ್ಷಿತ. ಸೊಪ್ಪಿನ ಎಲೆಗೆ ಧೂಳು ಅಂಟುತ್ತದೆ, ಗಡ್ಡೆಗೆ ಮಣ್ಣೇ ಅಂಟುತ್ತದೆ. ಮರದ ಹಣ್ಣಿಗೆ ಈ ತೊಂದರೆ ಕಡಿಮೆ.

ಅದೇ ಕಿಟ್ಟ ಖನಿಜಪ್ರಿಯರಿಗೆ ಹಬ್ಬ. ಕಡಲಿಗೆ ಸುರಿದ ಪ್ರಾಚೀನ ಕಿಟ್ಟದ ಗುಳ್ಳೆಗಳೊಳಗೆ ಉಪ್ಪುನೀರು ಎರಡು ಸಾವಿರ ವರ್ಷ ಜಿನುಗಿ ಸೀಸದ ಕ್ಲೋರೈಡುಗಳ ಸೂಜಿಯಂಥ ಹರಳುಗಳು ಬೆಳೆದಿವೆ. ಲಾರಿಯೊನೈಟ್ ಎಂಬ ಖನಿಜವನ್ನು 1887ರಲ್ಲಿ ಇಲ್ಲಿಯ ಕಿಟ್ಟದಿಂದಲೇ ಗುರುತಿಸಿದ್ದು. ಸೆರ್ಪಿಯೇರಿಯ ಹೆಸರಿನ ನೀಲಿ ಸೆರ್ಪಿಯರೈಟ್ ಗಣಿಯೊಳಗಿನದು. ಇವನ್ನು ನೋಡಲು ಲಾವ್ರಿಯೊದ ಖನಿಜ ಸಂಗ್ರಹಾಲಯವಿದೆ. ಪುರಾತತ್ವ ವಲಯದಿಂದ ಕಿಟ್ಟವೂ ಸೇರಿದಂತೆ ಏನನ್ನೂ ಎತ್ತುವಂತಿಲ್ಲ.

ಹೋಗುವವರಿಗೆ: ಅಥೆನ್ಸಿನ ಪೆಡಿಯೋನ್ ಅರೆಯೋಸ್ ಉದ್ಯಾನದ ಬಳಿಯಿಂದ ಲಾವ್ರಿಯೊ ಬಸ್ಸುಗಳು ಹೊರಡುತ್ತವೆ. ಊರಿನ ಪುರಾತತ್ವ ಸಂಗ್ರಹಾಲಯವನ್ನು ಮೊದಲು ನೋಡಿ ಆಮೇಲೆ ತೊರಿಕೋಸ್‌ಗೆ ಹೋದರೆ ಕಲ್ಲುಗಳು ಮಾತಾಡುತ್ತವೆ. ರಂಗಮಂದಿರದಿಂದ ಕಣ್ಣೆತ್ತಿದರೆ ವಿದ್ಯುತ್ ಸ್ಥಾವರದ ಚಿಮಣಿಗಳು ಅಡ್ಡ ಬರುತ್ತವೆ, ಫೋಟೊಗೆ ಬೇಸರ ಬೇಡ. ಗುಡ್ಡದಲ್ಲಿ ನೆರಳಿಲ್ಲ, ಕುಡಿಯುವ ನೀರಿಲ್ಲ. ಜುಲೈ ಆಗಸ್ಟಿನಲ್ಲಿ ಬೆಳಗ್ಗೆಯೇ ಮುಗಿಸಿಕೊಳ್ಳಿ. ಸೂರೆಝಾ ಕಣಿವೆಯ ತೊಳೆಯುವ ಕಟ್ಟೆಗಳಿಗೆ ಕಾರು ಮತ್ತು ನಡಿಗೆ ಎರಡೂ ಬೇಕು. ಅಲ್ಲಿ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬಾರದು. ಸಾವಿರಕ್ಕೂ ಮಿಕ್ಕಿ ಪ್ರಾಚೀನ ಬಾವಿಗಳು ಈ ಗುಡ್ಡಗಳಲ್ಲಿವೆ, ಎಲ್ಲಕ್ಕೂ ಬೇಲಿ ಇಲ್ಲ, ಬಾಯಿಗೆ ಮುಳ್ಳುಗಿಡ ಬೆಳೆದು ಕಾಣುವುದಿಲ್ಲ. ಸುರಂಗದೊಳಗೆ ಟಾರ್ಚ್ ಹಿಡಿದು ನಾಲ್ಕು ಹೆಜ್ಜೆ ಎಂದು ಇಳಿಯುವುದೂ ಬೇಡ. ಒಳಗಿನ ಗಾಳಿ ಹೇಗಿದೆ, ಯಾವ ಕಂಬವನ್ನು ಯಾವ ಡಿಫಿಲಸ್ ಕಡಿದಿದ್ದಾನೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.